ಕರ್ಣ, ವಿಕರ್ಣ ಮತ್ತು ವಿಜೇತಾ

ಜೂನ್ 3, ಬೆಳಿಗ್ಗೆ, ಲೋಕಲ್ ರೈಲಿನಲ್ಲಿ

ವಡಾಲದಲ್ಲಿ ಹಿಡಿದ ಸೈನ್ ಟು ಥೀಟಾ ಬಾಂದ್ರಾ ತನಕ ಬಂತು. ಕಾಸ್ ಟು ಥೀಟಾಗೆ ಮೂರು ರೂಪ. ದಶಾವತಾರಕ್ಕಿಂತ ಕಡಿಮೆ, ಸಮಾಧಾನ. ಪಕ್ಕದಾಕೆ ಪುಸ್ತಕಕ್ಕೆ ಇಣುಕಿ, "ಬೇಟೀ ಕಾ ಹೈ?" ಎಂದಳು. ನನ್ನದೇ ಎಂದೆ. ಕನಿಕರಪಟ್ಟು ಇನ್ನಷ್ಟು ಸರಿದು ಜಾಗ ಬಿಟ್ಟಳು. ಗಣಿತದಿಂದ ಇಷ್ಟಾದರೂ ಲಾಭ.

ಹನ್ನೆರಡನೇ ತರಗತಿ, ಬಿ.ಎಸ್ಸಿ. ಮೊದಲ ವರ್ಷ... ಅಷ್ಟೂ ಗಣಿತದ ಮೇಲೆ ಟೆಸ್ಟ್. ಪಾಸಾದರೆ ಗೋರೆಗಾಂವ್‌ನ ನಮ್ಮ ಕೋಚಿಂಗ್ ಕ್ಲಾಸಿನ ಹತ್ತನೇ ತರಗತಿಯ ಬ್ಯಾಚ್ ನನಗೆ. ಇಲ್ಲದಿದ್ದರೆ ಅದೇ ರಿಸೆಪ್ಶನ್ ಮೇಜು. ವರ್ಷಗಟ್ಟಲೆ ಗೋಡೆಯ ಈಚೆ ಕೂತು ಪಾಠ ಕೇಳಿದ್ದಾಯಿತು. ಇನ್ನು ಗೋಡೆಯ ಆಚೆ ಹೋಗಬೇಕು. ಹೋಗಿಯೇ ಸಿದ್ಧ.

ಜೂನ್ 5, ಸಂಜೆ

ಅಡುಗೆಮನೆಯಲ್ಲಿ ಅತ್ತೆ: "ಎಂತ ಮಾರಾಯ್ತಿ, ಬಸಳೆ ಹೆಚ್ಚುವಾಗಲೂ ಬಾಯಲ್ಲಿ ಮಂತ್ರ?"

"ಇಂಟಿಗ್ರೇಶನ್, ಅತ್ತೆ."

"ಅದು ಯಾವ ದೇವರದ್ದು?"

"ಗೊತ್ತಿಲ್ಲ. ಇನ್ನೂ ಒಲಿದಿಲ್ಲ."

ಜೂನ್ 10

ಲಿಖಿತ ಪರೀಕ್ಷೆ ಪಾಸ್! ಪೇಪರ್ ಇಂಗ್ಲಿಷಿನಲ್ಲಿತ್ತು. ನಾಳೆ ಓರಲ್, ಹಿಂದಿಯಲ್ಲಿ. ಹಿಂದಿ ಏನು ಮಹಾ? ತರಕಾರಿ ಭಯ್ಯಾನನ್ನು ದಿನಾ ಸೋಲಿಸುವವಳು ನಾನು.

ಜೂನ್ 11

ಸೋತೆ.

ಕ್ಲಾಸಿನ ಮಾಲಕಿ ಸೋನಾಲಿ ಮೇಡಂ ಬೋರ್ಡಿನ ಮೇಲೆ ವಜ್ರಾಕೃತಿ ಎಳೆದು, "ಇಸ್‌ಕೇ ವಿಕರ್ಣ ದಿಖಾವೋ" ಎಂದರು.

ನಕ್ಕೆ. ಹೌದು, ನಕ್ಕೆ! "ಇಸ್‌ಮೇಂ ವಿಕರ್ಣ ಹೋತಾ ಹೀ ನಹೀಂ, ಮೇಡಂ!"

ಉಡುಪಿಯ ಕನ್ನಡ ಶಾಲೆಯಲ್ಲಿ ಕಲಿತದ್ದು ಹೀಗೆ: ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹು ವಿಕರ್ಣ; ಚತುರ್ಭುಜದಲ್ಲಿ ಮೂಲೆಯಿಂದ ಎದುರು ಮೂಲೆಗೆ ಎಳೆದದ್ದು ಕರ್ಣ. ಹಿಂದಿಯಲ್ಲಿ ಥೇಟ್ ಅದಲುಬದಲು. ಅದರ ವಿಕರ್ಣ ನಮ್ಮ ಕರ್ಣ, ಅದರ ಕರ್ಣ ನಮ್ಮ ವಿಕರ್ಣ. ಮಹಾಭಾರತದಲ್ಲೂ ಇಬ್ಬರೂ ಕೌರವರ ಪಾಳಯದವರೇ. ನನ್ನ ಕಡೆ ಒಬ್ಬನಾದರೂ ನಿಲ್ಲುವನೆಂದು ಹೇಗೆ ನಂಬಿದೆನೋ!

"ವಿಜೇತಾ, ಕಾನ್ಫಿಡೆನ್ಸ್ ಬಹುತ್ ಹೈ. ಗಲತ್ ಹೈ... ಲೇಕಿನ್ ಬಹುತ್ ಹೈ," ಎಂದರು ಮೇಡಂ.

ಹೆಸರೇ ವಿಜೇತಾ. ಬರಿಗೈಲಿ ಹೋಗುವುದೆಂತು? ಇನ್ನೊಂದು ಚಾನ್ಸ್ ಕೇಳಿದೆ. ಬಾಗಿಲಿಗೆ ಅಡ್ಡ ನಿಂತೇ ಕೇಳಿದೆ. ಶನಿವಾರ. "ಲಾಸ್ಟ್" ಎಂದಿದ್ದಾರೆ.

ಜೂನ್ 13

ಅತ್ತೆ ತುಕ್ಕುಡಿಗೆ ಹಿಟ್ಟು ಲಟ್ಟಿಸಿ ವಜ್ರಾಕೃತಿಯಲ್ಲಿ ಕತ್ತರಿಸಿದರು. ಒಂದರ ಮೇಲೆ ಚಾಕುವನ್ನು ಮೂಲೆಯಿಂದ ಮೂಲೆಗೆ ಹಿಡಿದು, "ಇದು ಹಿಂದಿಯಲ್ಲಿ ಎಂತದ್ದು?"

"ವಿಕರ್ಣ."

"ನಮ್ಮಲ್ಲಿ?"

"ಕರ್ಣ."

"ಬೋರ್ಡಿನ ಎದುರು ನಿಂತಾಗ?"

"ಕರ್ಣ... ಅಲ್ಲ, ವಿಕರ್ಣ... ಅಲ್ಲ..."

"ಹಾಗಾದ್ರೆ ಇನ್ನೊಮ್ಮೆ ಹೇಳು. ಇದೆಲ್ಲ ಎಣ್ಣೆಗೆ ಬೀಳುವವರೆಗೆ ನಿನಗೆ ಬಿಡುಗಡೆ ಇಲ್ಲ."

ಜೂನ್ 14, ಮಧ್ಯಾಹ್ನ

ಮೇಡಂ ಚತುರ್ಭುಜದ ಕಡೆ ತಿರುಗಿಯೂ ನೋಡಲಿಲ್ಲ! ಎಕ್ಸ್ ಸೊನ್ನೆಯತ್ತ ಹೋದಾಗ ಸೈನ್ ಎಕ್ಸ್ ಬೈ ಎಕ್ಸ್ ಎಲ್ಲಿಗೆ ಹೋಗುತ್ತದೆ? ಒಂದಕ್ಕೆ. ಅದು ಎಲ್ಲರಿಗೂ ಗೊತ್ತು. "ಕ್ಯೂಂ?" ಎಂದರು.

ವೃತ್ತ ಎಳೆದೆ. ಒಳಗೊಂದು ತ್ರಿಕೋನ, ಹೊರಗೊಂದು ತ್ರಿಕೋನ, ನಡುವೆ ವೃತ್ತದ ತುಂಡು. ಲೆಕ್ಕ ಬರೆದೆ. ಮೇಡಂ ಹುಬ್ಬು ಇಳಿಯಲಿಲ್ಲ. ಆಗ ಹೇಳಿದೆ: "ಮೇಡಂ, ಲೋಕಲ್ ಕಾ ಸೀಟ್ ಸಮಝೋ." ಈ ಕಡೆಯವಳೂ ಒಂದರತ್ತ ಒತ್ತಿದಳು, ಆ ಕಡೆಯವಳೂ ಒಂದರತ್ತ ಒತ್ತಿದಳು. ನಡುವೆ ಸಿಕ್ಕಿದವಳು? "ಬೀಚ್‌ವಾಲೀ ಕಹಾಂ ಜಾಯೇಗೀ?"

ಮೇಡಂ ಕೂಡ ನನ್ನ ಹಾಗೆ ಹಾರ್ಬರ್ ಲೈನಿನ ಲೋಕಲ್ ಹತ್ತುವವರೇ. ನಕ್ಕುಬಿಟ್ಟರು. ಹೊರಗಿನ ತ್ರಿಕೋನದ ಉದ್ದದ ಬಾಹುವಿನ ಮೇಲೆ ಬೆರಳಿಟ್ಟು, "ಇಸ್‌ಕಾ ನಾಮ್?"

ಕೌರವ ಸೇನೆಯಿಡೀ ಕಣ್ಣೆದುರು ಹಾದುಹೋಯಿತು.

"ಹೈಪಾಟೆನ್ಯೂಸ್," ಎಂದೆ.

"ಹುಶಾರ್ ಝಾಲೀಸ್!" ಜಾಣೆಯಾಗಿಬಿಟ್ಟೆನಂತೆ, ಅದೂ ಮರಾಠಿಯಲ್ಲಿ. " ಸೋಮವಾರ್ ಸೇ ಆ ಜಾ."

ಜೂನ್ 16, ಬೆಳಿಗ್ಗೆ, ರಿಸೆಪ್ಶನ್‌ನಲ್ಲಿ

ಇನ್ನೆರಡು ನಿಮಿಷ. ಒಳಗೆ ಬೆಂಚು ಎಳೆದಾಡುವ ಗದ್ದಲ. ಕೈಯಲ್ಲಿ ಡಸ್ಟರ್. ಈ ಮೇಜಿಗೆ ಬರಬೇಕಾದ ಹೊಸ ಹುಡುಗಿಯ ಪತ್ತೆ ಇಲ್ಲ. ಫೋನ್ ಬಡಿಯುತ್ತಿದೆ. ಬಡಿಯಲಿ. ಮೇಡಂ ಕ್ಯಾಬಿನ್‌ನಿಂದ ಕೂಗುತ್ತಿದ್ದಾರೆ, ಎತ್ತು ಅಂತ. ಎತ್ತಿದೆ. ಯಾರದೋ ತಾಯಿ, ಮ್ಯಾಥ್ಸ್ ಟೀಚರ್ ಬೇಕಂತೆ. ಹೇಳಿದೆ: ಟೀಚರ್ ಈಗ ಕ್ಲಾಸಿಗೆ ಹೋಗ್ತಾ ಇದ್ದಾ—