ಅಪ್ಪ ಕೂಗಲಿಲ್ಲ

ಹ್ಯಾರೋ ಕ್ರೀಕ್, ಇಂಡಿಯಾನಾ
ಮಂಗಳವಾರ, ಮೇ ೨೪, ೧೯೯೪

ಪ್ರೀತಿಯ ಐಲಾ ಅಕ್ಕಾ,

ಹೇಗಿದ್ದೀಯಾ? ಎಣ್ಣೆ ಸಿಡಿದಿದ್ದ ಕೈ ಮಾಗಿತೇ? ಹಡಗಿನಲ್ಲಿ ಅಷ್ಟು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವ ನೀನು ಕೂತು ಉಣ್ಣುತ್ತೀಯೋ, ಅಥವಾ ಮನೆಯಲ್ಲಿದ್ದಾಗಿನ ಹಾಗೆ ಒಲೆಯ ಪಕ್ಕದಲ್ಲೇ ನಿಂತು ನಾಲ್ಕು ತುತ್ತು ನುಂಗಿಬಿಡುತ್ತೀಯೋ? ಅಮ್ಮನೊಡನೆ ಭಾನುವಾರ ಫೋನಿನಲ್ಲಿ ಮಾತಾಡಿದೆ. ಆಸ್ಪತ್ರೆಯ ಬಟ್ಟೆ ಒಗೆದು ಒಗೆದು ಬೆನ್ನು ನೋಯುತ್ತಿದೆಯಂತೆ, ಆದರೂ ದನಿ ಗಟ್ಟಿಯಾಗಿತ್ತು. ನಮ್ಮೂರು ನೆಗೌನಿಯಲ್ಲಿ ಕೊನೆಗೂ ಹಿಮ ಕರಗಿತಂತೆ. ನಾನೂ ಕ್ಷೇಮ ಎಂದು ಬರೆಯಹೊರಟೆ, ಪೆನ್ನು ನಿಂತುಬಿಟ್ಟಿತು. ನಿನಗೆ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ. ಅಕ್ಕಾ, ನನಗೆ ತುಂಬಾ ಭಯವಾಗಿದೆ.

ಈ ಪತ್ರವನ್ನು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಕಣದ ಮೆಟ್ಟಿಲ ಮೇಲೆ ಕೂತು, ನಡುಮಧ್ಯಾಹ್ನ ಬರೆಯುತ್ತಿದ್ದೇನೆ. ಕೆಳಗೆ ಯಾರೂ ಇಲ್ಲ. ಪ್ರತಿ ನಾಲ್ಕು ಸಾಲಿಗೊಮ್ಮೆ ಎರಡು ಬೆರಳು ಕತ್ತಿಗಿಟ್ಟು ನಾಡಿ ನೋಡಿಕೊಳ್ಳುತ್ತೇನೆ. ಹದಿನೈದು ದಿನದಿಂದ ಇದೇ ಆಗಿದೆ. ಲೈಬ್ರರಿಯ ಎರಡನೇ ಮಹಡಿ ಹತ್ತಲು ಭಯ, ಬಗ್ಗಿ ಶೂ ಕಟ್ಟಲು ಭಯ, ಜೋರಾಗಿ ನಗಲೂ ಭಯ. ನನ್ನ ಕೋಣೆಯ ಜೊತೆಗಾರ ಓಡೆಲ್ ನಿನಗೆ ನೆನಪಿರಬೇಕು. ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬಂದು ಐದು ಮಾಂಸದ ಪ್ಯಾಸ್ಟಿ ಕಡುಬು ತಿಂದು, ಸೌನಾದ ಬಿಸಿ ಹಬೆಗೆ ಅರಚುತ್ತ ಹೊರಗೆ ಓಡಿದ್ದನಲ್ಲ, ಅವನೇ. ಮೊದಲೆಲ್ಲ ಬೆಳಗ್ಗೆ ನಾನು ಏಳದಿದ್ದರೆ “ಏಯ್ ಫಿನ್ಲೆಂಡ್, ಸತ್ತಿದ್ದೀಯೇನೋ?” ಎಂದು ನಮ್ಮ ಹಿರಿಯರ ನಾಡನ್ನೇ ನನ್ನ ಹೆಸರು ಮಾಡಿ ದಿಂಬು ಎಸೆಯುತ್ತಿದ್ದ. ಈಗ ಸದ್ದಿಲ್ಲದೆ ಬಂದು, ನನ್ನ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಹೋಗುತ್ತಾನೆ. ನಾನು ನಿದ್ದೆಯ ನಟನೆ ಮಾಡುತ್ತೇನೆ.

ಮೊದಲಿನಿಂದ ಹೇಳುತ್ತೇನೆ. ಅರ್ಧ ಕಥೆ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಇದನ್ನು ಬರೆಯುವಷ್ಟು ಹೊತ್ತು ಮುಂದಿನದಕ್ಕೆ ಬರುವುದು ತಪ್ಪುತ್ತದೆ. ನನ್ನ ಹೈಸ್ಕೂಲಿನ ಕೊನೆಯ ವರ್ಷ ಈ ಕಾಲೇಜಿನ ಕೋಚ್ ಪ್ರೂಯಿಟ್ ನಮ್ಮೂರಿನ ಕಡೆಗೆ ಬಂದದ್ದು ನನಗಾಗಿ ಅಲ್ಲ, ಎದುರಾಳಿ ತಂಡದ ಹುಡುಗನನ್ನು ನೋಡಲು. ಅವನನ್ನು ದೊಡ್ಡ ಕಾಲೇಜೊಂದು ಆಗಲೇ ಎತ್ತಿಕೊಂಡಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ಹೊರಡಬೇಕಾದವರು ಆಟದ ಕೊನೆಯವರೆಗೂ ಕೂತರು. ಆಮೇಲೆ ನಿನ್ನ ಮುಂದೆಯೇ ನನಗೆ ಹೇಳಿದ್ದು ನೆನಪಿದೆಯೇ? “ನಿನ್ನ ಕಾಲು ಎಮ್ಮೆ ಕಾಲು. ಎಸೆತ ನೋಡಿದ್ರೆ ಹೊಟ್ಟೆ ತೊಳಸುತ್ತೆ. ಆದ್ರೆ ಚೆಂಡು ಕೈಗೆ ಬರೋಕೆ ಮುಂಚೆ ನೀನು ಸುತ್ತ ನೋಡ್ತೀಯ. ಅದನ್ನ ಕಲಿಸೋಕಾಗಲ್ಲ, ಮಿಕ್ಕಿದ್ದೆಲ್ಲ ಕಲಿಸ್ತೀನಿ.” ನನಗೆ ಬೇರೆ ಯಾವ ಕಾಲೇಜಿನಿಂದಲೂ ಒಂದು ಕಾಗದ ಕೂಡ ಬಂದಿರಲಿಲ್ಲ.

ಹೇಳಿದಂತೆಯೇ ಕಲಿಸಿದರು. ಮೊದಲ ವರ್ಷ ಒಂದು ಪಂದ್ಯಕ್ಕೂ ಇಳಿಸಲಿಲ್ಲ. ನನ್ನ ಎಸೆತವನ್ನು ಹಳೆಯ ಸ್ವೆಟರಿನಂತೆ ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆದರು. ಬೆಳಗ್ಗೆ ಇನ್ನೂರು, ಸಂಜೆ ಇನ್ನೂರು, ಎಲ್ಲವೂ ಬುಟ್ಟಿಯ ಕೆಳಗೆ ನಿಂತು, ಒಂದೇ ಕೈಯಲ್ಲಿ. ಕಾಲು ಹಗುರವಾಗಲೆಂದು ಹುಡುಗಿಯರ ನೃತ್ಯದ ತರಗತಿಗೆ ಅಟ್ಟಿದರು. ಅಲ್ಲಿ ನಾನು ಕನ್ನಡಿಯಲ್ಲಿ ಒಂಟೆಯಂತೆ ಕಾಣುತ್ತಿದ್ದೆ. ಆ ವರ್ಷವೇ ನಾಲ್ಕು ಇಂಚು ಬೆಳೆದೆ. ಅವರ ಕಚೇರಿಯ ಗೋಡೆಯ ಮೇಲೆ ಐದು ಫೋಟೋಗಳಿವೆ. ಐವರೂ ಯಾರಿಗೂ ಬೇಡವಾಗಿ ಇಲ್ಲಿಗೆ ಬಂದವರು, ಇಲ್ಲಿಂದ ವೃತ್ತಿಪರ ತಂಡಗಳಿಗೆ ಆಯ್ಕೆಯಾಗಿ ಹೋದವರು. ಈ ಮಾರ್ಚಿನಲ್ಲಿ ಕೋಚ್ ಆರನೆಯ ಮೊಳೆ ಹೊಡೆದರು. ನನ್ನನ್ನು ನೋಡಿ ಸುತ್ತಿಗೆ ಮೇಜಿನ ಮೇಲಿಟ್ಟರು. ಜೂನ್ ಏಳಕ್ಕೆ ಚಿಕಾಗೋದಲ್ಲಿ ವೃತ್ತಿಪರ ತಂಡದವರೆಲ್ಲ ಬಂದು ನಮ್ಮನ್ನು ನೋಡುವ ಶಿಬಿರ. ತಿಂಗಳ ಕೊನೆಗೆ ಆಯ್ಕೆ. ಎರಡನೆಯ ಸುತ್ತಿನಲ್ಲಿ ನನ್ನ ಹೆಸರು ಬರುವುದು ಖಚಿತ ಎಂದು ಮೂರು ತಂಡದವರು ಹೇಳಿದ್ದರು.

ಮೇ ಒಂಬತ್ತರಂದು ಕೋಚ್ ಮತ್ತು ನಾನು ಇಬ್ಬರೇ ಅಭ್ಯಾಸ ಮಾಡುತ್ತಿದ್ದೆವು. ಅಂಕಣದ ಈ ಕೊನೆಯಿಂದ ಆ ಕೊನೆಗೆ ಹನ್ನೊಂದನೆಯ ಓಟ. ಚೆಂಡು ನನ್ನ ಕಡೆ ಬರುತ್ತಿತ್ತು, ಅದನ್ನು ನೋಡಿದೆ. ಆಮೇಲೆ ನೋಡಿದರೆ ಕೆನ್ನೆಗೆ ತಣ್ಣನೆಯ ಮರದ ನೆಲ. ಕೋಚ್ ನನ್ನ ಪಕ್ಕ ಮಂಡಿಯೂರಿದ್ದರು, ಅವರ ಮುಖ ಸುಣ್ಣದಂತೆ ಬಿಳಿಚಿತ್ತು. ನಡುವಿನ ಹೊತ್ತು ನನ್ನ ಬಳಿ ಇಲ್ಲ ಅಕ್ಕಾ, ಯಾರೋ ಕತ್ತರಿಸಿ ತೆಗೆದಂತಿದೆ. ನೋವಿರಲಿಲ್ಲ. ನೋವಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

“ಬೆಳಗ್ಗೆ ತಿಂಡಿ ತಿಂದಿರ್ಲಿಲ್ಲ ಕೋಚ್, ಅಷ್ಟೇ. ಯಾರಿಗೂ ಹೇಳ್ಬೇಡಿ, ನಾಲ್ಕೇ ವಾರ ಇದೆ” ಎಂದು ಬೇಡಿಕೊಂಡೆ. ಅವರು ನನ್ನನ್ನು ಕಾರಿಗೆ ಹತ್ತಿಸಿ ನೇರ ಇಂಡಿಯಾನಾಪೊಲಿಸ್‌ನ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ರೇಡಿಯೋ ಹಾಕಲಿಲ್ಲ. ಎದೆಗೆ ತಣ್ಣನೆಯ ಲೇಪ ಹಚ್ಚಿ, ಟಿ.ವಿ.ಯಂಥ ಪರದೆಯಲ್ಲಿ ನನ್ನ ಹೃದಯವನ್ನು ನನಗೇ ತೋರಿಸಿದರು. ಅದರ ಗೋಡೆ ಇರಬೇಕಾದ್ದಕ್ಕಿಂತ ಎರಡು ಪಟ್ಟು ದಪ್ಪವಿದೆಯಂತೆ. ಜೋರಾಗಿ ಓಡಿದಾಗ ಅದು ತಾಳ ತಪ್ಪುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಹುಟ್ಟಿನಿಂದ ಬಂದದ್ದು, ರಕ್ತದಲ್ಲಿ ಇಳಿದು ಬರುವಂಥದ್ದು.

ಡಾಕ್ಟರು ಹಾಲ್ವರ್ಸನ್ ಎಂಬ ವಯಸ್ಸಾದ ಹೆಂಗಸು. “ನಿಮ್ಮ ತಂದೆ ಇದ್ದಾರಾ?” ಎಂದು ಕೇಳಿದರು. ಇಲ್ಲ, ನನಗೆ ಹನ್ನೊಂದಾಗಿದ್ದಾಗ ಸೂರಿನ ಹಿಮ ತೆಗೆಯುವಾಗ ಜಾರಿ ಬಿದ್ದು ಹೋದರು ಎಂದೆ. “ಜಾರಿದ್ದನ್ನ ಯಾರಾದ್ರೂ ನೋಡಿದ್ರಾ?” ಅಕ್ಕ ನೋಡಿದಳು, ಒದ್ದೆ ಕೈಗವಸು ಬದಲಾಯಿಸಲು ಏಣಿ ಬಿಟ್ಟು ಒಳಗೆ ಹೋಗಿದ್ದಳು, ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಬೀಳುತ್ತಿದ್ದರು ಎಂದೆ. “ಬೀಳೋವಾಗ ಕೂಗಿದ್ರಾ? ಏನನ್ನಾದ್ರೂ ಹಿಡ್ಕೊಳ್ಳೋಕೆ ನೋಡಿದ್ರಾ?” ಆಗ ನೀನು ಅವತ್ತು ಅಮ್ಮನಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತು ನನ್ನ ಬಾಯಿಂದ ಹಾಗೇ ಬಂತು: “ಅಪ್ಪ ಕೂಗ್ಲೇ ಇಲ್ಲ. ಸುಮ್ನೆ ನಿಂತಿದ್ರು, ಆಮೇಲೆ ಮೂಟೆ ಥರ ಬಿದ್ರು.” ಡಾಕ್ಟರು ಪೆನ್ನು ಕೆಳಗಿಟ್ಟರು. “ಜಾರೋ ಮನುಷ್ಯ ಕೂಗ್ತಾನಪ್ಪಾ, ಕೈ ಚಾಚ್ತಾನೆ. ನಿಮ್ಮ ತಂದೆ ಬಿದ್ದು ಸತ್ತದ್ದಲ್ಲ. ನನಗನ್ಸೋ ಪ್ರಕಾರ, ಬೀಳೋಕೆ ಮುಂಚೆಯೇ ಹೋಗಿದ್ರು” ಎಂದರು.

ಅಕ್ಕಾ, ಈ ಸಾಲನ್ನು ಎರಡು ಸಲ ಓದು. ಆ ಏಣಿಯನ್ನು ನೀನು ಹಿಡಿದು ನಿಂತಿದ್ದರೂ ಅಪ್ಪ ಉಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ನೀನು ಆ ಕೈಗವಸಿನ ಮಾತೆತ್ತಿಲ್ಲ, ಆದರೆ ಚಳಿಗಾಲದಲ್ಲಿ ಬರಿಗೈಯಲ್ಲೇ ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಇನ್ನು ಸಾಕು.

ಇಷ್ಟಾದ ಮೇಲೂ ನಾನು ನೆಟ್ಟಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಟಗಾರರ ಏಜೆಂಟ್ ಒಬ್ಬ ಫೋನ್ ಮಾಡಿದ. ಅವನಿಗೆ ಸುದ್ದಿ ಹೇಗೆ ಮುಟ್ಟಿತೋ! “ಒಬ್ಬ ಡಾಕ್ಟರ್ ಬೇಡ ಅಂದ್ರೆ ಇನ್ನೊಬ್ಬ ಹೂಂ ಅಂತಾನೆ ತಮ್ಮಾ. ಜೂನ್ ಕಳೆಯೋವರೆಗೆ ಬಾಯಿ ಮುಚ್ಕೊಂಡಿರು” ಎಂದ. ಅವನು ಕೊಟ್ಟ ಆ ಇನ್ನೊಬ್ಬ ಡಾಕ್ಟರ ನಂಬರನ್ನು ಚೀಟಿಯಲ್ಲಿ ಬರೆದು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಸಾಯುವ ಭಯ ಒಂದು ಕಡೆ. ಆಡದೆ ಹೋದರೆ ನಾನು ಯಾರು ಎಂಬ ಭಯ ಇನ್ನೊಂದು ಕಡೆ. ಯಾವುದು ದೊಡ್ಡದೆಂದು ಇವತ್ತಿಗೂ ಹೇಳಲಾರೆ. ಮೂರನೆಯ ದಿನ ಚೀಟಿ ತೆಗೆದುಕೊಂಡು ಕೋಚ್ ಬಳಿ ಹೋಗಿ, ಈ ಡಾಕ್ಟರು ಸಹಿ ಹಾಕಿದರೆ ನನ್ನನ್ನು ಚಿಕಾಗೋಗೆ ಕಳಿಸುತ್ತೀರಾ ಎಂದು ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. “ಅಲ್ಲಿರೋ ಐದೂ ಜನ ಬದುಕಿದ್ದಾರೆ ಕಣೋ. ನಾನು ನಿಂಗೆ ಕಾಲು ಕೊಟ್ಟೆ, ಕೈ ಕೊಟ್ಟೆ. ಎದೆ ಕೊಡೋಕೆ ನನ್ನಿಂದಾಗಲ್ಲ” ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಚಿಕಾಗೋಗೆ ಫೋನ್ ಮಾಡಿದ್ದು ನಾನೇ. ನನ್ನ ಹೆಸರು ತೆಗೆದುಹಾಕಿ ಎಂದೆ. ಆ ಕಡೆಯ ಹುಡುಗಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡಳು.

ಶಾಲೆಯ ಮೇಷ್ಟ್ರಾಗಬಹುದು ಎಂದು ಕೋಚ್ ಹೇಳುತ್ತಾರೆ. ಸದ್ಯಕ್ಕೆ ನನಗೆ ನಾಳೆಯ ಬೆಳಗಿನ ಆಚೆಗೆ ಏನೂ ಕಾಣುತ್ತಿಲ್ಲ. ದಿನಕ್ಕೆರಡು ಗುಳಿಗೆ, ನಿಧಾನ ನಡಿಗೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನು ಪಕ್ಕದಲ್ಲಿದ್ದರೆ ಹೇಳುವ ಧೈರ್ಯ ಬರುತ್ತದೆ. ನಿಮ್ಮ ಹಡಗಿನ ಮುದುಕ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಆ ನೀರಿನ ಮೇಲೆ ಕಾಪಾಡಲಿ.

ನಿನ್ನ ತಮ್ಮ,
ರೇನೋ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ನಿಜವಾದ ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಹೊರಡುವಾಗ ಡಾಕ್ಟರು “ಒಡಹುಟ್ಟಿದವರು ಇದ್ದಾರಾ?” ಎಂದು ಕೇಳಿದರು. ನಿನಗೂ ಇದು ಇರುವ ಸಾಧ್ಯತೆ ಅರ್ಧಕ್ಕರ್ಧ ಅಂತೆ. ಕೋಣೆಗೆ ಬಂದು ನಿನ್ನ ಏಪ್ರಿಲಿನ ಕಾಗದ ತೆಗೆದೆ. ಹಿಟ್ಟಿನ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ, ಅಡುಗೆಮನೆಯ ಕಾವು ಎಂದು ಬರೆದಿದ್ದೀ. ಕಾವಲ್ಲ ಅಕ್ಕಾ. ಇದನ್ನು ಓದುತ್ತಿರುವಲ್ಲೇ ಕೂತುಕೋ, ಪತ್ರವನ್ನು ಕ್ಯಾಪ್ಟನ್ನರಿಗೆ ತೋರಿಸು, ಇನ್ನು ಏನನ್ನೂ ಎತ್ತಬೇಡ. ನಿಮ್ಮ ಹಡಗಿನ ಕಂಪನಿಗೆ ಫೋನ್ ಮಾಡಿ ಕೇಳಿದೆ: ಶುಕ್ರವಾರ ಡೆಟ್ರಾಯಿಟ್ ದಾಟುವಾಗ ಅಂಚೆ ದೋಣಿ ಹಡಗಿನ ಬಳಿಗೇ ಬಂದು ಇದನ್ನು ನಿನಗೆ ಮುಟ್ಟಿಸುತ್ತದೆ, ಶನಿವಾರ ನಿಮ್ಮ ಹಡಗು ಕ್ಲೀವ್ಲೆಂಡಿಗೆ ಬರುತ್ತದೆ. ನಾವು ದಕ್ಕೆಯ ಮೇಲಿರುತ್ತೇವೆ. ಅಲ್ಲಿಯ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿಯಾಗಿದೆ. ಇಳಿದುಬಿಡು, ಕೆಲಸ ಹೋದರೆ ಹೋಗಲಿ. ನಿನ್ನ ಚೀಲ ನೀನು ಹೊರಬೇಡ. ನಾನೂ ಹೊರುವಂತಿಲ್ಲ. ಓಡೆಲ್ ಹೊರುತ್ತಾನೆ.