ಹತ್ತು ವರ್ಷದ ಮಾತು

ಕೊಟ್ಟೂರು
12 ಡಿಸೆಂಬರ್ 2025, ಶುಕ್ರವಾರ

ಪ್ರೀತಿಯ ಶಿವಲೀಲಾ,

ನಿನ್ನ ಹದಿನೆಂಟು ಹುಡುಗಿಯರೂ ಪಾಸಾದರೆಂದು ನೀನು ಕಳಿಸಿದ ಮೆಸೇಜು ಇವತ್ತು ಮಧ್ಯಾಹ್ನ ಬಂತು. ಆಗ ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಪ್ರಿಂಟರ್ ತೋರಿಸುತ್ತಿದ್ದೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅವರು ಗಾಬರಿಯಾಗಿ, "ಯಾಕ್ರೀ ಅಕ್ಕಾರ, ಮನ್ಯಾಗ ಎಲ್ಲಾರು ಆರಾಮ ಅದಾರಿಲ್ಲೋ?" ಎಂದು ಕೇಳಿದರು. "ಆರಾಮ ಅದಾರ್ರಿ, ಇವತ್ತ ಭಾಳ ಆರಾಮ ಅದೀವಿ" ಎಂದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಆಗಿದ್ದಾತು ಬಿಡಲೇ" ಎಂದು ಮಾತು ಮುಗಿಸಿಬಿಡುತ್ತೀ. ಹರಪನಹಳ್ಳಿ ಕಾಲೇಜಿನಲ್ಲಿದ್ದಾಗಿನಿಂದಲೂ ಹಾಗೇ. ಕಾಗದವಾದರೆ ಕೊನೆಯವರೆಗೆ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಎರಡೂವರೆ ವರ್ಷದ ಹಿಂದೆ ನೀನು ಹಲವಾಗಲಿನಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸು ಶುರುಮಾಡುತ್ತೇನೆಂದು ಬಂದೆಯಲ್ಲ, ಅವತ್ತು ಆರು ಲ್ಯಾಪ್‌ಟಾಪ್ ಆರಿಸಿಕೊಟ್ಟವಳು ನಾನೇ. ನಮ್ಮ ಅಂಗಡಿಯ ಕರಪತ್ರವನ್ನು ನಿನ್ನ ಕೈಗಿಟ್ಟೆ. "ಭವಿಷ್ಯಕ್ಕೆ ಸಿದ್ಧ! ಮುಂದಿನ ಹತ್ತು ವರ್ಷ ನಿಶ್ಚಿಂತೆ!" ನೀನು ಅದನ್ನು ಎರಡು ಸಲ ಓದಿ, "ಹಂಗಾರ ಚಿಂತಿ ಇಲ್ಲ ಬಿಡು" ಎಂದು ನಕ್ಕಿದ್ದೆ.

ಶಿವಲೀ, ಆ ಹತ್ತು ವರ್ಷವನ್ನು ಬರೆದವಳು ನಾನು. ಕಂಪನಿಯವರು ಕಳಿಸಿದ ಇಂಗ್ಲಿಷ್ ಹಾಳೆಯಲ್ಲಿ ಭವಿಷ್ಯಕ್ಕೆ ಸಿದ್ಧ ಎಂದು ದೊಡ್ಡದಾಗಿ ಇತ್ತು. ಅದರ ಪಕ್ಕ ಒಂದು ಚಿಕ್ಕ ನಕ್ಷತ್ರದ ಗುರುತು. ಕೆಳಗೆ ಸಾಸಿವೆಯಂಥ ಅಕ್ಷರದಲ್ಲಿ, ಕಾರ್ಯಕ್ಷಮತೆ ಬಳಕೆಗೆ ತಕ್ಕಂತೆ ಬದಲಾಗಬಹುದು ಎಂದು ಬರೆದಿದ್ದರು. ಯಾವ ಭವಿಷ್ಯ, ಎಷ್ಟು ವರ್ಷ, ಒಂದೂ ಇರಲಿಲ್ಲ. ಕನ್ನಡದಲ್ಲಿ ಬರೀ ಭವಿಷ್ಯ ಎಂದರೆ ಜ್ಯೋತಿಷ್ಯದವರ ಬೋರ್ಡಿನ ಹಾಗೆ ಕಾಣುತ್ತದೆ ಅನ್ನಿಸಿ, ನಾನೇ ಹತ್ತು ವರ್ಷ ಸೇರಿಸಿದೆ. ಸಾಸಿವೆಯಕ್ಷರವನ್ನು ಬಿಟ್ಟುಬಿಟ್ಟೆ.

ಗೊತ್ತಿಲ್ಲದೆ ಮಾಡಿದೆ ಎಂದೂ ಹೇಳಲಾರೆ. ನಮ್ಮಲ್ಲಿ ರಿಪೇರಿ ಮಾಡುವ ರಾಮಾಂಜನೇಯ ಮೊದಲ ಪೆಟ್ಟಿಗೆ ಬಂದ ದಿನವೇ ಒಂದನ್ನು ಬಿಚ್ಚಿ ನೋಡಿ, "ಅಕ್ಕಾರ, ಇದ್ರಾಗ ಮೆಮೊರಿ ನಾಕ ಜೀಬಿ ಐತಿ, ಅದೂ ಬೋರ್ಡಿಗೇ ಬೆಸಿಗಿ ಹಾಕ್ಯಾರ. ನಾಳೆ ಸಾಲಲಿಲ್ಲಂದ್ರ ಹೆಚ್ಚಿಗಿ ಹಾಕಾಕ ಜಾಗಾನ ಇಲ್ರಿ" ಎಂದಿದ್ದ. ಮಕ್ಕಳ ಕ್ಲಾಸಿಗೆ ಇಷ್ಟು ಸಾಕು ಎಂದು ನಾನು ಸುಮ್ಮನಾಗಿದ್ದೆ. ನಮ್ಮ ಅಂಗಡಿಯ ಬಿಲ್ಲಿಗೆ ಮಾತ್ರ ಯಾವುದೋ ಆಫೀಸಿನಲ್ಲಿ ಬಳಸಿ ಬಿಟ್ಟ ಹಳೇ ಕಂಪ್ಯೂಟರ್ ಇಟ್ಟುಕೊಂಡಿದ್ದೆವು. ಅದಕ್ಕೆ ಬೇಕಾದಾಗ ಮೆಮೊರಿ ಹಾಕಬಹುದು, ಡಿಸ್ಕ್ ಬದಲಿಸಬಹುದು.

ಹೋದ ತಿಂಗಳು ಸರಕಾರಿ ಕಂಪ್ಯೂಟರ್ ಸರ್ಟಿಫಿಕೇಟ್ ಪರೀಕ್ಷೆಯವರು ಹೊಸ ತಂತ್ರಾಂಶ ಕಳಿಸಿದಾಗ ನಿನ್ನ ಆರೂ ಲ್ಯಾಪ್‌ಟಾಪುಗಳು ಕೆಂಪು ಗುರುತು ತೋರಿಸಿ ನಿಂತವು. ಎಂಟು ಜಿಬಿ ಬೇಕು, ಇರುವುದು ನಾಲ್ಕು. ಡಿಸ್ಕಿನಲ್ಲಿ ಜಾಗವೂ ಇಲ್ಲ. ನಿನ್ನ ಕ್ಲಾಸಿಗೆ ಕೊಟ್ಟಿದ್ದ ಪರೀಕ್ಷಾ ಕೇಂದ್ರ ರದ್ದಾಗುತ್ತದೆಂದು ನೋಟೀಸು ಬಂತು. ಈ ಪರೀಕ್ಷೆ ತಪ್ಪಿದರೆ ಇನ್ನೊಂದಕ್ಕೆ ಆರು ತಿಂಗಳು. ಹರಪನಹಳ್ಳಿಯ ಡೇಟಾ ಎಂಟ್ರಿ ಕೆಲಸಕ್ಕೆ ಅರ್ಜಿ ಹಾಕಲು ಈ ತಿಂಗಳ ಕೊನೆಯೇ ಗಡುವು, ಅದಕ್ಕೆ ಈ ಸರ್ಟಿಫಿಕೇಟ್ ಬೇಕೇ ಬೇಕು. ನಿನ್ನ ಹುಡುಗಿಯರಲ್ಲಿ ರೋಜಾಳ ಮನೆಯಲ್ಲಂತೂ ಇದೊಂದು ಸಲ ನೋಡುತ್ತೇವೆ, ಆಮೇಲೆ ಕಲಿಯುವ ಮಾತು ಬೇಡ ಎಂದಿದ್ದರಂತಲ್ಲ.

ನೀನು ಒಂದು ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಬಂದೆ. "ಗಂಗಾ, ಹತ್ತ ವರ್ಷ ಅಂದಿದ್ದಿಲ್ಲಲೇ? ಇನ್ನಾ ಮೂರೂ ಆಗಿಲ್ಲ" ಎಂದೆ. ನಿನ್ನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತಿದ್ದರು, ಇಬ್ಬರು ಗಿರಾಕಿಗಳು ಕಿವಿಯಾಗಿದ್ದರು. ಆಗ ನನ್ನ ಬಾಯಿಂದ ಬಂದ ಮಾತು ನಿನಗೆ ನೆನಪಿದೆ: "ನಿಮ್ಮೂರ ಕರೆಂಟು ಸರಿ ಇಲ್ಲ ಶಿವಲೀ. ಹುಡುಗ್ಯಾರು ಹೆಂಗ ಬಳಸ್ಯಾರೋ ಏನೋ." ನೀನು ಚೀಲದ ಜಿಪ್ಪು ಎಳೆದೆ. ತರಿಸಿದ್ದ ಚಹಾ ಮುಟ್ಟದೆ ಮೆಟ್ಟಿಲಿಳಿದು ಹೋದೆ.

ಕರೆಂಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ನಿನ್ನ ಹುಡುಗಿಯರು ಆ ಲ್ಯಾಪ್‌ಟಾಪುಗಳನ್ನು ಕೈಗೂಸಿನ ಹಾಗೆ ನೋಡಿಕೊಂಡಿದ್ದರು. ಅದು ನನಗೆ ಗೊತ್ತಿತ್ತು.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ನನಗೇ ತಡೆಯಲಾಗಲಿಲ್ಲ. ಪರೀಕ್ಷೆಯ ಆಫೀಸಿಗೆ ಫೋನ್ ಮಾಡಿದೆ. ಎತ್ತಿದವರು ನಾಗರತ್ನ ಮೇಡಂ. ಕೇಂದ್ರವನ್ನು ಕೊಟ್ಟೂರಿನ ನಮ್ಮ ಅಂಗಡಿಗೆ ಬದಲಿಸಬಹುದೇ ಎಂದು ಕೇಳಿದೆ. "ಬದಲಿಸಬಹುದು. ಆದ್ರ ಕಾರಣ ಬರೆದು ಕೊಡ್ರಿ. ಕ್ಲಾಸ್ ನಡೆಸೋರ ತಪ್ಪಾಗಿದ್ರ ಅವರಿಗೆ ಮುಂದ ಕೇಂದ್ರ ಕೊಡಂಗಿಲ್ಲ" ಎಂದರು. ಅಂದರೆ ಕರೆಂಟಿನ ಕಥೆಯನ್ನೇ ಬರೆದರೆ ನಿನ್ನ ಕ್ಲಾಸು ಶಾಶ್ವತವಾಗಿ ಮುಚ್ಚುತ್ತಿತ್ತು.

ಕೂತು ಬರೆದೆ. ಮಾರಾಟದ ಹೊತ್ತಿನಲ್ಲಿ ಅಂಗಡಿಯವರು ತಪ್ಪು ಮಾಹಿತಿ ಕೊಟ್ಟಿದ್ದರು, ತರಬೇತಿ ನಡೆಸುವವರ ತಪ್ಪಿಲ್ಲ. ಅಂಗಡಿಯ ಮಾಲೀಕರಾಗಿ ಅಪ್ಪನ ಸಹಿ ಬೇಕಿತ್ತು. ಅಪ್ಪ ಕನ್ನಡಕ ಏರಿಸಿ ಓದಿದರು, ಇನ್ನೊಮ್ಮೆ ಓದಿದರು.

"ಕಂಪನಿಯವ್ರು ಹೇಳಿದ್ದನ್ನ ನಾವು ಹೇಳೀವಿ. ನಮ್ದೇನ ತಪ್ಪೈತಿ ಇದ್ರಾಗ?" ಎಂದರು.

"ಹತ್ತ ವರ್ಷ ಅಂತ ಕಂಪನಿಯವ್ರು ಅಂದಿಲ್ಲಪ್ಪಾ. ನಾನ ಬರದದ್ದು" ಎಂದೆ. ರಾಮಾಂಜನೇಯ ಹೇಳಿದ್ದನ್ನೂ ಹೇಳಿದೆ.

ಅಪ್ಪ ಕಾಗದವನ್ನು ಮೇಜಿನ ಮೇಲಿಟ್ಟರು. ಮೂವತ್ತು ವರ್ಷದ ಅಂಗಡಿ. ಟೇಪ್ ರೆಕಾರ್ಡರ್ ಮಾರುವಾಗಿನಿಂದಲೂ ಹಾಲೇಶಪ್ಪನ ಅಂಗಡಿ ಎಂದರೆ ಮಾತಿಗೆ ನಿಲ್ಲುತ್ತದೆ ಎಂಬ ಹೆಸರು. ಈಗ ಸರಕಾರಿ ಕಡತದಲ್ಲಿ ತಪ್ಪೆಂದು ಸಹಿ ಹಾಕುವುದೆಂದರೆ ಹೇಗಿರಬೇಡ? ಅವ್ವ ಗುರುಬಸಮ್ಮ ಒಳಗಿಂದ ಕೇಳಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಸಹಿ ಹಾಕ್ರಿ. ಹದಿನೆಂಟ ಹುಡುಗ್ಯಾರು ಮನಿ ಸೇರಿದ ಮ್ಯಾಲೆ ನಮ್ಮ ಹೆಸರ ತಗೊಂಡು ಏನ ಮಾಡೋದೈತಿ?" ಎಂದಳು. ಅಪ್ಪ ಅವಳ ಮುಖ ನೋಡಿ, ಪೆನ್ನಿನ ಮುಚ್ಚಳ ತೆಗೆದರು.

ಆ ಸಹಿ ಬಿದ್ದಾಗ ನನ್ನ ಎದೆಯ ಮೇಲಿನಿಂದ ಯಾರೋ ಎದ್ದುಹೋದ ಹಾಗಾಯಿತು.

ಉಳಿದದ್ದು ಬರೀ ಕೆಲಸ. ಹೊಸಪೇಟೆಯಲ್ಲಿ ಆಫೀಸೊಂದು ಬಿಟ್ಟ ಹಳೇ ಕಂಪ್ಯೂಟರುಗಳು ಸಿಕ್ಕವು. ರಾಮಾಂಜನೇಯ ಎರಡು ದಿನ ಬಿಡುವಿಲ್ಲದೆ ಧೂಳು ಊದಿ, ಮೆಮೊರಿ ಏರಿಸಿ, ಹೊಸ ಡಿಸ್ಕ್ ಹಾಕಿ ಆರನ್ನು ಸಜ್ಜು ಮಾಡಿದ. ನಾಗರತ್ನ ಮೇಡಂ ಬಂದು ಒಂದೊಂದನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ನಾನು ನಿನಗೆ ಫೋನ್ ಮಾಡಿ, ಭಾನುವಾರ ಹುಡುಗಿಯರನ್ನು ಕರೆದುಕೊಂಡು ಬಾ ಎಂದಷ್ಟೇ ಹೇಳಿದೆ. ನೀನು "ಆತು" ಎಂದು ಇಟ್ಟುಬಿಟ್ಟೆ.

ಭಾನುವಾರ ಟೆಂಪೋ ಬಂದು ನಿಂತಿತು. ಆರಾರು ಜನರ ಮೂರು ತಂಡ. ಮೊದಲ ತಂಡದಲ್ಲಿ ರೋಜಾ. ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆಯುವಷ್ಟರಲ್ಲಿ ಪರೀಕ್ಷೆಯ ಪುಟ ಬಂದಿತ್ತು. "ಅಕ್ಕಾರ, ಇದು ಹಳೇದಂತಲ್ರಿ, ಹೆಂಗ ಇಷ್ಟ ಲಗೂನ ಬಂತು?" ಎಂದು ಪಿಸುಗುಟ್ಟಿದಳು. ಆರು ಹುಡುಗಿಯರು ಒಟ್ಟಿಗೆ ಬಿಟ್ಟ ಉಸಿರು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. ಅವತ್ತು ಹೊರಡುವಾಗ ನೀನು ಚಹಾ ಕೇಳಿ ಕುಡಿದೆಯಲ್ಲ, ಅಷ್ಟು ರುಚಿಯಾದ ಚಹಾ ನಾನು ಜನ್ಮದಲ್ಲಿ ಕುಡಿದಿಲ್ಲ.

ಆ ಆರು ಕಂಪ್ಯೂಟರುಗಳು ಸೋಮವಾರ ಹಲವಾಗಲಿಗೆ ಬರುತ್ತವೆ, ಅವು ನಿನ್ನವೇ. ಲ್ಯಾಪ್‌ಟಾಪುಗಳನ್ನು ವಾಪಸು ಕಳಿಸು. ಇವಕ್ಕೂ ಎಷ್ಟು ವರ್ಷ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ಕೆಟ್ಟರೆ ಬಿಚ್ಚಿ ರಿಪೇರಿ ಮಾಡಬಹುದು ಎಂದು ಮಾತ್ರ ಹೇಳಬಲ್ಲೆ.

ಕರಪತ್ರವನ್ನೂ ಹೊಸದಾಗಿ ಬರೆದಿದ್ದೇನೆ. ಯಾವುದರಲ್ಲಿ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ, ಮುಂದೆ ಮೆಮೊರಿ ಹಾಕಲು ಬರುತ್ತದೋ ಇಲ್ಲವೋ, ಎಲ್ಲ ಒಂದೇ ಅಳತೆಯ ಅಕ್ಷರದಲ್ಲಿ. ಮೊನ್ನೆ ಒಬ್ಬರು ಅದನ್ನು ಓದಿ ಎದ್ದು ಕೂಡ್ಲಿಗಿಯ ಅಂಗಡಿಗೆ ಹೋದರು. ಅಪ್ಪ ಬೈಯುತ್ತಾರೆಂದುಕೊಂಡೆ. "ಹೋಗ್ಲಿ ಬಿಡು, ಚೀಲ ಹಿಡಕೊಂಡು ವಾಪಸ್ ಬರಂಗಿಲ್ಲಲ್ಲ" ಎಂದು ನಕ್ಕರು.

ನೀನು ಕ್ಷಮಿಸಿದ್ದೀಯೆಂದು ಆ ಚಹಾದಿಂದಲೇ ತಿಳಿದೆ. ಆದರೂ ಯಾವುದಕ್ಕೆ ಕ್ಷಮಿಸಿದ್ದೀ ಎಂಬುದು ನಿನಗೆ ಪೂರ್ತಿ ಗೊತ್ತಿರಬೇಕಲ್ಲ.

ನಿನ್ನ
ಗಂಗಾಂಬಿಕಾ

ತಾ.ಕ.: ನಾಲ್ಕನೆಯ ದಿನ ನನಗೇ ತಡೆಯಲಾಗಲಿಲ್ಲ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಅವತ್ತು ಬೆಳಿಗ್ಗೆ ನಿಮ್ಮಪ್ಪ ಪಾಲಾಕ್ಷಪ್ಪ ಕಾಕಾ ಅಂಗಡಿಗೆ ಬಂದಿದ್ದರು. ಬೈಯಲಿಲ್ಲ. ನೀರು ಕುಡಿದು, "ಗಂಗವ್ವಾ, ನಿನ್ನ ಸ್ವಂತ ತಂಗಿ ಕ್ಲಾಸ್ ತೆಗದಿದ್ರ ಈ ಲ್ಯಾಪ್‌ಟಾಪನ್ನ ಕೊಡಸ್ತಿದ್ದೇನು?" ಎಂದು ಕೇಳಿದರು. ಇಲ್ಲ ಕಾಕಾ ಎಂದೆ. "ಹಂಗಾರ ಅಷ್ಟನ್ನ ಆಕಿಗೆ ಹೇಳಿಬಿಡವ್ವಾ. ತನ್ನದ ತಪ್ಪು ಅಂತ ಕುಂತು ಅಳಾಕತ್ತ್ಯಾಳ" ಎಂದು ಎದ್ದು ಹೋದರು. ತಾನು ಬಂದಿದ್ದನ್ನು ನಿನಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತನ್ನು ಮುರಿಯುತ್ತಿದ್ದೇನೆ. ನನ್ನದಲ್ಲದ ಒಳ್ಳೆಯತನವನ್ನು ನನ್ನ ಹೆಸರಿಗೆ ಬರೆದುಕೊಂಡರೆ ಅದೂ ಇನ್ನೊಂದು ಕರಪತ್ರವಾದೀತು.