ಹನ್ನೊಂದು ಹಾಡು, ಒಂದೇ ಹೆಸರು

ಮಹದೇವಪುರ, ಹಳೇ ಊರು
ಭಾನುವಾರ, 10 ನವೆಂಬರ್ 2024

ನಾಗರತ್ನಾ,

ಮುನಿವೆಂಕಟಪ್ಪ ಬರೆಯುತ್ತಿದ್ದೇನೆ. ಹೆಸರು ನೋಡಿ ಹರಿದು ಹಾಕಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿ. ನೀನೂ ನಿನ್ನ ಯಜಮಾನ ಕಿರಣಕುಮಾರನೂ ಕೆ.ಆರ್. ಪುರದ ಮನೆಯಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀವು ನಮ್ಮ ಮಹಡಿಯ ಕೋಣೆ ಖಾಲಿ ಮಾಡಿ ಐದು ತಿಂಗಳಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ಫೋನು ಮಾಡಬಹುದಿತ್ತು. ಆದರೆ ಫೋನು ಹಿಡಿದರೆ ನನ್ನ ಬಾಯಿ ತಾನಾಗಿಯೇ ಜೋರಾಗುತ್ತದೆ, ತಪ್ಪಾಯಿತು ಅನ್ನುವುದನ್ನೂ ಬೈದ ಹಾಗೆಯೇ ಹೇಳುತ್ತೇನೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಬರೆಯುವಾಗ ನಿಧಾನವಾಗಲೇಬೇಕು. ಅದಕ್ಕೇ ಈ ಕಾಗದ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಂಜನಮ್ಮನ ಹಾಡುಗಳನ್ನು ಕಳೆದದ್ದು ನೀನಲ್ಲ. ನಾನು.

ನನ್ನ ಹೆಂಡತಿ ಆಂಜನಮ್ಮ ತೀರಿಕೊಂಡ ಹದಿಮೂರನೇ ದಿನ ನೀನು ಬಂದು, "ಕಾಕಾ, ಕಾಕೂನ ಸೋಬಾನೆ ಪದ ಹನ್ನೊಂದ್ ಅದಾವ್ರೀ ನನ್ ಫೋನ್‌ನ್ಯಾಗ" ಅಂದಿದ್ದೆ. ವರ್ಷದ ತಿಥಿಗೆ ಎಲ್ಲರೂ ಸೇರಿದಾಗ ಒಟ್ಟಿಗೆ ಕೇಳೋಣ ಎಂದು ನಾನು ಒಂದನ್ನೂ ಕೇಳದೆ ಉಳಿಸಿಕೊಂಡೆ. ನೀನು ಅವನ್ನೆಲ್ಲ ನಿನ್ನ ಕಂಪ್ಯೂಟರಿಗೆ ಹಾಕಿಟ್ಟಿದ್ದು ಒಳ್ಳೆಯದಾಯಿತು, ಮೇ ತಿಂಗಳ ಮಳೆನೀರಿಗೆ ನಿನ್ನ ಫೋನು ಬಿದ್ದು ಸತ್ತೇಹೋಯಿತು.

ಆ ಕಂಪ್ಯೂಟರು ನೀನು ಕೆಲಸ ಮಾಡುವ ಕಂಪನಿಯವರು ಬೇಡವೆಂದು ಕೊಟ್ಟ ಹಳೇ ಡಬ್ಬಿ. ಮಹಡಿಯ ಕೋಣೆಯಲ್ಲಿ ಜಾಗವಿಲ್ಲವೆಂದು ನೀನು ಅದನ್ನು ನನ್ನ ಪಡಸಾಲೆಯಲ್ಲೇ ಇಟ್ಟಿದ್ದೆ. ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ಕರಿ ಪರದೆ, ಅದರ ಮೇಲೆ ಮಿಣುಕುವ ಒಂದು ಗೀಟು. ಏನು ಬೇಕೋ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಹೇಳಬೇಕು. ನೀನು ಪರೀಕ್ಷೆಗೆಂದು ಲಿನಕ್ಸ್ ಕಲಿಯುವಾಗ ನಾನು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. "ಇದ್ಯಾಕಮ್ಮ ಏನೂ ಉತ್ತರ ಕೊಡಲ್ಲ?" ಎಂದು ಕೇಳಿದ್ದಕ್ಕೆ, "ತಪ್ಪಾದ್ರ ಬೈತದ್ರೀ ಕಾಕಾ, ಸರಿ ಇದ್ರ ಸುಮ್ಮನಿರ್ತದ" ಅಂದೆ. "ಹಂಗಾದ್ರೆ ನಮ್ಮ ವಂಶದ್ದೇ ಬಿಡು" ಎಂದೆ. ಇಬ್ಬರೂ ನಕ್ಕೆವು.

ತಿಥಿಯ ಹಿಂದಿನ ಮಧ್ಯಾಹ್ನ ನೀನು ಕೆಲಸಕ್ಕೆ ಹೋಗಿದ್ದೆ. ಹಾಡುಗಳೆಲ್ಲ ಆಂಜನಮ್ಮನ ಹೆಸರಿನ ಒಂದು ಕೋಣೆಯಲ್ಲಿ, ನೀವು ಫೋಲ್ಡರ್ ಅನ್ನುತ್ತೀರಲ್ಲ ಅದರಲ್ಲಿ, ಇರಲಿ ಎಂದು ನನಗೆ ಆಸೆಯಾಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಕ್ಕೆ ನೀನು ಎಂ, ವಿ ಎಂದು ಕುಟ್ಟುತ್ತಿದ್ದುದನ್ನು ನೋಡಿದ್ದೆ. ಹನ್ನೊಂದು ಸಲ ಕುಟ್ಟಿದೆ. ಒಂದೊಂದು ಸಲಕ್ಕೂ ಅದು ಸುಮ್ಮನಿತ್ತು. ಸರಿಯಾಗಿದೆ ಎಂದುಕೊಂಡೆ. ನೀನು ಕಲಿಸಿದ ಹಾಗೆ ಎಕ್ಸಿಟ್ ಎಂದು ಬರೆದು ಮುಚ್ಚಿದೆ.

ಮರುದಿನ ಊಟವಾಗಿ ನೆಂಟರೆಲ್ಲ ಚಾಪೆಯ ಮೇಲೆ ಕೂತಿದ್ದರು. ನೀನು ಕುಟ್ಟಿ ನೋಡಿ, "ಹಾಡ ಕಾಣವಲ್ಲವ್ರೀ ಕಾಕಾ. ಯಾರಾರ ಮುಟ್ಟ್ಯಾರೇನ್ರೀ?" ಎಂದೆ. ಹೌದು ಕಣಮ್ಮ, ನಾನು ಮುಟ್ಟಿದ್ದೆ ಎನ್ನಬೇಕಿತ್ತು. ಅಷ್ಟು ಜನರೆದುರು ಅದು ಬಾಯಿಗೆ ಬರಲಿಲ್ಲ. "ಅಳಿಸಿರೋಳು ನೀನು, ನನ್ನನ್ನೇ ಕೇಳ್ತೀಯಾ? ಬಾಡಿಗೆಯವರನ್ನ ಮನೆಯೊಳಗೆ ಬಿಟ್ಕೊಂಡಿದ್ದು ನನ್ ತಪ್ಪು" ಎಂದು ಕೂಗಿದೆ. "ತಡೀರಿ, ಒಂದ್ ನಿಮಿಷ ನೋಡ್ತೀನ್ರೀ" ಎಂದು ನೀನು ಕೈ ಚಾಚಿದಾಗ ವೈರು ಕಿತ್ತೆ. ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿದೆ. ಅದು ನಿನ್ನದು. ಒಂದು ವಾರದಲ್ಲಿ ನೀವು ಗಂಟು ಕಟ್ಟಿಕೊಂಡು ಹೊರಟಾಗಲೂ ಕೊಡಲಿಲ್ಲ. ನಿನ್ನ ಪರೀಕ್ಷೆ ಏನಾಯಿತೋ, ಕೇಳಲು ಮುಖವಿಲ್ಲ.

ಆಮೇಲೆ ಹಾಡುಗಳನ್ನು ಹುಡುಕಿಕೊಡು ಎಂದು ತಮ್ಮನ ಮಗ ಶ್ರೀನಾಥನ ಬೆನ್ನು ಬಿದ್ದೆ. "ಮೊದ್ಲು ಅದು ಹೆಂಗೆ ಕೆಲ್ಸ ಮಾಡುತ್ತೆ ಅಂತ ಕಲೀರಿ ದೊಡ್ಡಪ್ಪ. ಭಾನುವಾರ ಭಾನುವಾರ ಬರ್ತೀನಿ. ಬೈದ್ರೆ ಎದ್ದು ಹೋಗ್ತೀನಿ" ಅಂದ. ಮೂರು ಭಾನುವಾರ ಎದ್ದು ಹೋದ. ಎರಡು ಪದಗಳ ನಡುವೆ ಜಾಗ ಬಿಡದಿದ್ದರೆ ಅದಕ್ಕೆ ತಿಳಿಯುವುದಿಲ್ಲವಂತೆ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೇರೆ ಬೇರೆಯಂತೆ. ಅರವತ್ತೆಂಟಕ್ಕೆ ಒಂದನೇ ಕ್ಲಾಸು.

ಹೋದ ವಾರ ಕೋಣೆ ಕಟ್ಟುವುದನ್ನು ಹೇಳಿಕೊಟ್ಟ. "ಕಟ್ಟೋದ್ಯಾಕೋ? ಹೆಸರು ಹೇಳಿ ಸಾಮಾನು ಸಾಗಿಸಿದ್ರೆ ತಾನೇ ಆಗಲ್ವಾ?" ಎಂದೆ. ಅವನು ನನ್ನ ಮುಖ ನೋಡಿದ.

"ಇಲ್ಲ ದೊಡ್ಡಪ್ಪ. ಆ ಹೆಸರಿನ ಕೋಣೆ ಇಲ್ದಿದ್ರೆ ಹಾಡಿಗೇ ಆ ಹೆಸರು ಇಟ್ಬಿಡುತ್ತೆ. ಎರಡನೇದಕ್ಕೂ ಅದೇ ಹೆಸರು ಹೇಳಿದ್ರೆ ಮೊದಲನೇದು ಹೋಯ್ತು. ಅದರ ಜಾಗಕ್ಕೆ ಇದು."

"ಅಳಿಸ್ಲಾ ಅಂತ ಕೇಳಲ್ವಾ?"

"ಕೇಳಲ್ಲ."

ಹಿಸ್ಟರಿ ಎಂದು ಕುಟ್ಟಿಸಿದ. ಈ ಹಿಂದೆ ಕುಟ್ಟಿದ್ದೆಲ್ಲ ನಂಬರಿನ ಸಮೇತ ಸಾಲಾಗಿ ಬಂದು ನಿಂತಿತು. ನನ್ನ ಹನ್ನೊಂದು ಸಾಲೂ ಇದ್ದವು. ನಡುವೆ ನಾನು ತಾಳ್ಮೆಗೆಟ್ಟು ಬರೆದಿದ್ದ 'ಮಾತಾಡು', ಅದರ ಕೆಳಗೆ 'ಮಾತಾಡೋ ಬೇವರ್ಸಿ'. ಶ್ರೀನಾಥ ನಕ್ಕ, ಆಮೇಲೆ ನಗು ನಿಲ್ಲಿಸಿ, "ಇದು ನಾಗರತ್ನಕ್ಕ ಬರೆಯೋ ಮಾತಲ್ಲ ದೊಡ್ಡಪ್ಪ" ಎಂದ. ಹದಿನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವನು ನಾನು. ಹೆಂಡತಿಗೊಂದು ಕೋಣೆ ಕಟ್ಟದೆಯೇ ಅವಳ ಹಾಡುಗಳನ್ನು ಒಂದರ ಮೇಲೊಂದು ಎಸೆದಿದ್ದೆ.

ಅವತ್ತು ಚಾಪೆಯ ಮೇಲೆ ಕೂತಿದ್ದವರಿಗೆಲ್ಲ ಒಬ್ಬೊಬ್ಬರಿಗೆ ಫೋನು ಮಾಡಿ, ಆ ಹುಡುಗಿ ತಪ್ಪು ಮಾಡಿಲ್ಲ, ನಾನೇ ಮಾಡಿದ್ದು ಎಂದು ಹೇಳಿದ್ದೇನೆ. ಕೂಗಿಯೇ ಹೇಳಿದೆ, ಆದರೂ ಹೇಳಿದೆ. ಈ ಕಾಗದ ತರುವ ಶ್ರೀನಾಥನ ಕಾರಿನಲ್ಲಿ ನಿನ್ನ ಕಂಪ್ಯೂಟರ್ ಇದೆ, ಇಳಿಸಿಕೊ. ಮನೆಗೆ ಬಾ ಎಂದು ಕೇಳುವುದಿಲ್ಲ. ಬಿಟ್ಟ ಕಡೆಯಿಂದ ಓದು ಮುಂದುವರಿಸು. ನಿನ್ನ ಕೈಗೆ ಒಳ್ಳೆಯ ಕೆಲಸ ಸಿಗಲಿ, ನನ್ನಂಥವರ ಬಾಯಿಗೆ ಮತ್ತೆ ಸಿಗಬೇಡ. ಗಂಡ ಹೆಂಡತಿ ನೂರು ಕಾಲ ಬಾಳಿ.

ಇಂತಿ,
ಮುನಿವೆಂಕಟಪ್ಪ

ಮತ್ತೆ: ಕೊನೆಯದಾಗಿ ಸಾಗಿಸಿದ ಹಾಡು ಉಳಿದಿದೆ. ಶ್ರೀನಾಥ ಹಾಕಿ ಕೇಳಿಸಿದ. ಮದುವೆಯ ಎಣ್ಣೆ ಶಾಸ್ತ್ರದ ಪದ. ಎಂಥ ದನಿ ನಾಗರತ್ನಾ! ನಲವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದು ನಾನು ಆ ದನಿ ಕೇಳಿರಲಿಲ್ಲ. ಎರಡನೇ ನುಡಿಯ ನಡುವೆ ನಾನು ಗೇಟು ತೆರೆದ ಸದ್ದು. "ಅವ್ರು ಬಂದ್ರು, ನಿಲ್ಸಮ್ಮ, ನಿಲ್ಸು" ಅನ್ನುತ್ತಾಳೆ. ಹೆದರಿಕೊಂಡು ಹೇಳಿದ ಹಾಗೂ ಇಲ್ಲ, ದಿನಾ ಹೇಳುವ ಮಾತಿನ ಹಾಗಿದೆ. ಅಷ್ಟಕ್ಕೆ ಮುಗಿಯಿತು. ನೀನು ಎದುರಿಗೇ ಕೂತಿದ್ದವಳು, ನಿನಗೆ ಗೊತ್ತಿತ್ತು. ನನಗೆ ಒಂದು ದಿನವೂ ಹೇಳಲಿಲ್ಲ. ಈಗ ಒಂದು ಮಾತು ಬರೆದು ತಿಳಿಸು. ಉಳಿದ ಹತ್ತರಲ್ಲಿ ಒಂದನ್ನಾದರೂ ಅವಳು ಪೂರ್ತಿ ಹಾಡಿದ್ದಳೇ? ನನಗೆ ನೋವಾಗುತ್ತದೆ ಎಂದು ಸುಳ್ಳು ಬರೆಯಬೇಡ.